ಇಪ್ಪತ್ತು ನಿಮಿಷ ಬಂದ್ ಮಾಡಬೇಡಿ

ಸುರಪುರ
6 ನವೆಂಬರ್ 2023

ಸರದಾರಸಾಬ ಮಿಸ್ತ್ರಿಯವರಿಗೆ,

ಜೈ ಭೀಮ್. ಇಪ್ಪತ್ತೆರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ರಾಜಿಗೆ ಬರೆದಳು ಎಂದು ತಿಳಿಯಬೇಡಿ. ಗಾಡಿಗಾಗಿ ಬರೆಯುತ್ತಿದ್ದೇನೆ.

ಮೊದಲು ಫೋನ್ ಮಾಡಿದ್ದೆ. ನಿಮ್ಮ ಸೊಸೆ ಉಮೆಸಲ್ಮಾ ಎತ್ತಿದಳು. “ಮಾವಾರಿಗಿ ಕೇಳಸಂಗಿಲ್ರಿ. ಎರಡೂ ಕಿವಿ ಹೋಗ್ಯಾವ. ಕಾಗದ ಬರೀರಿ, ಓದ್ತಾರ” ಅಂದಳು. ಓಣಿಯ ತುದಿಗೆ ಲಾರಿ ತಿರುಗುವಾಗಲೇ ಅದರ ರೋಗ ಹೇಳುತ್ತಿದ್ದ ಕಿವಿ ಅವು. ಹೋಗುವುದಾದರೆ ಬೇರೆ ಯಾರದ್ದಾದರೂ ಹೋಗಬಾರದಿತ್ತೇ ಅನ್ನಿಸಿತು. ಇಷ್ಟು ಸಾಕು ಈ ಮಾತು.

ನಮ್ಮ ದಲಿತ ಸಂಘದ ಜೀಪು ಸಾಯಲು ಬಿದ್ದಿದೆ. ಚಟ್ ಚಟ್ ಅನ್ನುತ್ತದೆ, ಏರು ಹತ್ತುವುದಿಲ್ಲ, ರೇಸ್ ಕೊಟ್ಟರೆ ಕಾರ್ಬೊರೇಟರಿನಿಂದ ಕೆಮ್ಮುತ್ತದೆ. ಈಗಿನ ಮಕ್ಕಳಿಗೆ ಅದೊಂದು ಹಳೆಯ ತಗಡು. ಅದು ಗೌಡನ ಜೀಪಾಗಿತ್ತು, ಅದು ಬಂದರೆ ನಮ್ಮಪ್ಪ ಕಾಲಿನ ಚಪ್ಪಲಿ ಕೈಯಲ್ಲಿ ಹಿಡಿದು ದಾರಿಯ ಬದಿಗೆ ನಿಲ್ಲಬೇಕಿತ್ತು ಎಂದರೆ ಕಥೆ ಅಂದುಕೊಳ್ಳುತ್ತಾರೆ. ಗೌಡ ಅದನ್ನು ಯಾದಗಿರಿಯ ಗುಜರಿಗೆ ಹಾಕಿದ್ದು, ಸಂಘದವರು ತೂಕದ ಲೆಕ್ಕದಲ್ಲಿ ತಂದಿದ್ದು, ನೀವು ಆರು ತಿಂಗಳು ಕೂತು ಅದಕ್ಕೆ ಜೀವ ಕೊಟ್ಟಿದ್ದು, ನಾನು ಅದನ್ನು ಓಡಿಸಲು ಕಲಿತು ಗೌಡನ ವಾಡೆಯ ಮುಂದೆಯೇ ಗೇರ್ ಬದಲಿಸಿದ್ದು ಎಲ್ಲ ನಿಮಗೆ ಗೊತ್ತಿದೆ.

ಈಗ ಗೌಡನ ಮೊಮ್ಮಗ ಹೈವೇ ಮೇಲೆ ಹೋಟೆಲ್ ಕಟ್ಟಿದ್ದಾನೆ. ಬಾಗಿಲಲ್ಲಿ ಕಟ್ಟೆ ಹಾಕಿಸಿ, ಮೇಲೆ ಈ ಜೀಪು ನಿಲ್ಲಿಸಿ, ತಾತನ ಹೆಸರಿನ ಬೋರ್ಡು ಬರೆಸುತ್ತಾನಂತೆ. ಸಂಘದ ಕಾರ್ಯದರ್ಶಿ ಮಹೇಶಕುಮಾರ ಮೀಟಿಂಗಿನಲ್ಲಿ ಹೇಳಿಬಿಟ್ಟ: “ಮಾರ್ಚ್ ತನಕ ನೋಡೋಣ್ರಿ ಟೀಚರ್. ಓಡಿದ್ರ ನಮ್ಮದು. ನಿಂತ್ರ ಕೊಟ್ಟು ಬಿಡೋಣ.” ಕೈ ಎತ್ತಿಸಿದ. ಬಹಳ ಕೈ ಎದ್ದವು.

ಎರಡು ಊರಿನ ಮಿಸ್ತ್ರಿಗಳು ಇದರ ಇಂಜಿನ್ ನೋಡಿ ಕೈ ಒರೆಸಿಕೊಂಡು ಹೋದರು. ಇದರ ಹೊಟ್ಟೆ ಬಲ್ಲವರು ನೀವೊಬ್ಬರೇ. ಉತ್ತರ ಬರೆಯುವುದು ಬಿಡುವುದು ನಿಮಗೆ ಸೇರಿದ್ದು.

ಗಾಡಿಯ ಪರವಾಗಿ,
ಭೀಮಾಬಾಯಿ


ಶಹಾಪುರ
17 ನವೆಂಬರ್ 2023

ಭೀಮಾಬಾಯಿ ಟೀಚರಿಗೆ,

ಕಾಗದ ಮುಟ್ಟಿತು. ರಾಜಿ ನನಗೂ ಬೇಕಿಲ್ಲ. ಗಾಡಿ ಏನೂ ತಪ್ಪು ಮಾಡಿಲ್ಲ, ಅದಕ್ಕೆ ಉತ್ತರ ಕೊಡುತ್ತೇನೆ. ಏಳನೇ ಇಯತ್ತೆ ಓದಿದವನ ಕನ್ನಡ ಇದು, ಕೆಂಪು ಮಸಿಯಲ್ಲಿ ತಿದ್ದಿ ವಾಪಸ್ ಕಳಿಸಬೇಡಿ.

ನೀವು ಬರೆದ ಸದ್ದು ನನಗೆ ಕಾಗದದ ಮೇಲೆಯೇ ಕೇಳಿಸಿತು. ಹೊಗೆ ಹೊರಹೋಗುವ ಬಾಗಿಲು ಪೂರ್ತಿ ತೆರೆಯುತ್ತಿಲ್ಲ, ಅದಕ್ಕೇ ಒಳಬಾಗಿಲಿನಿಂದ ಕೆಮ್ಮುತ್ತಿದೆ. ಇಂಜಿನ್ನಿನ ಹೊಟ್ಟೆಯಲ್ಲಿ ಕ್ಯಾಮ್‌ಶಾಫ್ಟ್ ಅಂತ ಒಂದು ಕಬ್ಬಿಣದ ಕೋಲಿದೆ. ಅದರ ಮೈಮೇಲೆ ಎಂಟು ಉಬ್ಬು. ಒಂದೊಂದು ಉಬ್ಬಿನ ಮೇಲೆ ಒಂದೊಂದು ಟ್ಯಾಪೆಟ್, ಹೆಬ್ಬೆರಳಿನಂಥ ಕಬ್ಬಿಣದ ಗೂಟ, ನಿಂತಿರುತ್ತದೆ. ಕೋಲು ತಿರುಗಿದಾಗ ಉಬ್ಬು ಬಂದು ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ ಬಾಗಿಲು ತೆರೆಯುತ್ತದೆ. ಉಬ್ಬು ಸವೆದರೆ ಬಾಗಿಲಿಲ್ಲ.

ಮಿಸ್ತ್ರಿಯನ್ನು ಕರೆಯಬೇಡಿ. ನೀವೇ ನೋಡಿ. ಇಂಜಿನ್ನಿನ ಮಗ್ಗುಲಿಗೆ ಎರಡು ನಟ್ಟಿನ ತಗಡಿನ ಮುಚ್ಚಳ ಇದೆ, ಬಿಚ್ಚಿ. ಎಂಟೂ ಟ್ಯಾಪೆಟ್ ಕಾಣುತ್ತವೆ. ಒಂದೊಂದರ ಮೈಗೂ ಹೆಂಗಸರು ಉಗುರಿಗೆ ಹಚ್ಚುವ ಬಣ್ಣದಿಂದ ಚುಕ್ಕೆ ಇಡಿ. ಪ್ಲಗ್ಗು ನಾಲ್ಕೂ ತೆಗೆದು, ಯಾರಿಗಾದರೂ ಹ್ಯಾಂಡಲ್ ತಿರುವಲು ಹೇಳಿ. ಚುಕ್ಕೆ ನೋಡುತ್ತಾ ಕೂತಿರಿ. ಏನು ಕಂಡಿತೋ ಅಷ್ಟೇ ಬರೆಯಿರಿ. ಭಾಷಣ ಬೇಡ.

ಸರದಾರಸಾಬ


ಸುರಪುರ
26 ನವೆಂಬರ್ 2023

ಮಿಸ್ತ್ರಿಯವರಿಗೆ,

ಭಾಷಣ ಬೇಡ ಅಂದಿರಿ. ತಡೆದುಕೊಳ್ಳಲು ಆಗುತ್ತಿಲ್ಲ. ಅವು ಸುತ್ತುತ್ತವೆ!

ಅರವತ್ತೊಂದು ವರ್ಷದ ಬಾಳಿನಲ್ಲಿ ಉಗುರುಬಣ್ಣ ಕೊಂಡದ್ದು ಇದೇ ಮೊದಲು. ಅಂಗಡಿಯವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಟ್ರ್ಯಾಕ್ಟರ್ ರಿಪೇರಿಯ ಬಸು ಬಂದು ಹ್ಯಾಂಡಲ್ ಹಿಡಿದ. ನಾನು ಮುಚ್ಚಳ ಬಿಚ್ಚಿ, ಬ್ಯಾಟರಿ ದೀಪ ಹಿಡಿದು, ನೆಲಕ್ಕೆ ಗೋಣಿಚೀಲ ಹಾಸಿ ಕೂತೆ. ಟ್ಯಾಪೆಟ್ಟು ಮೇಲೆ ಕೆಳಗೆ ಆಡುವುದನ್ನು ನೋಡಬೇಕಿದೆ ಎಂದುಕೊಂಡಿದ್ದೆ. ಮೇಲೆ ಕೆಳಗೆ ಆಡಿದವು. ಹತ್ತು ಸುತ್ತಿನ ಮೇಲೆ ನೋಡುತ್ತೇನೆ, ನನ್ನ ಕಡೆ ಇದ್ದ ಕೆಂಪು ಚುಕ್ಕೆ ಪಕ್ಕಕ್ಕೆ ಸರಿದಿದೆ. ಮತ್ತೆ ಹತ್ತು ಸುತ್ತು. ಚುಕ್ಕೆ ಬೆನ್ನ ಹಿಂದೆ ಹೋಯಿತು. ಆಮೇಲೆ ಆ ಕಡೆಯಿಂದ ತಿರುಗಿ ಬಂತು, ಮನೆಯ ಹಿಂದಿನಿಂದ ಸುತ್ತಿ ಬಂದ ಮನುಷ್ಯನಂತೆ.

ಮೂವತ್ತು ವರ್ಷ ಈ ಗಾಡಿಯ ಮೇಲೆ ಕೂತಿದ್ದೇನೆ ಮಿಸ್ತ್ರಿ. ತಿಂಥಣಿಯ ಸೇತುವೆ ದಾಟಿದ್ದೇನೆ, ಕೊಂಕಲ್ಲಿನ ಕರಿಮಣ್ಣಿನಲ್ಲಿ ಹೂತು ಎದ್ದಿದ್ದೇನೆ. ಆ ಹೊತ್ತೆಲ್ಲ ನನ್ನ ಕಾಲಿನ ಮುಂದೆ, ಕತ್ತಲಲ್ಲಿ, ಎಂಟು ಜನ ಹೀಗೆ ಏಳುತ್ತ ಕೂಡುತ್ತ ಸುತ್ತುತ್ತ ಇದ್ದರು ಎಂದು ನನಗೆ ಯಾರೂ ಹೇಳಲಿಲ್ಲ. ಯಾರು ಸುತ್ತಿಸುತ್ತಾರೆ ಅವನ್ನು?

ಬಸು ಬೆವರು ಒರೆಸಿಕೊಳ್ಳುತ್ತ, “ಟೀಚರ್, ಸಾಲಿ ಬಿಡೂ ಹೊತ್ತಾತೇನ್ರಿ? ನನ್ನ ರಟ್ಟಿ ಹೋತು” ಅಂದ. ಇನ್ನೂ ಐವತ್ತು ಸುತ್ತು ತಿರುವಿಸಿದೆ.

ಕಂಡದ್ದು ಬರೆಯುತ್ತೇನೆ. ಆರು ಟ್ಯಾಪೆಟ್ ಸುತ್ತುತ್ತವೆ. ಮೂರನೆಯದು ಮತ್ತು ಆರನೆಯದು ಸುತ್ತುವುದಿಲ್ಲ. ಚುಕ್ಕೆ ನನ್ನ ಕಡೆ ಮುಖ ಮಾಡಿಯೇ ನಿಂತಿದೆ. ಅವು ಏಳುವುದೂ ಬಾಕಿಯವುಗಳ ಅರ್ಧದಷ್ಟು.

ಈ ಕ್ಯಾಮ್‌ಶಾಫ್ಟ್ ಹಾಕಿಸಿ ಒಂಬತ್ತು ವರ್ಷವಾಯಿತು. ನೀವು ಹಾಕಿದ್ದು ಹೋದ ಮೇಲೆ ಇದು ಎರಡನೆಯದು.

ಭೀಮಾಬಾಯಿ


ಶಹಾಪುರ
5 ಡಿಸೆಂಬರ್ 2023

ಭೀಮಾಬಾಯಿ,

ನೀವು ಅಂತ ಬರೆಯಲು ಕೂತರೆ ಕೈ ಬರುತ್ತಿಲ್ಲ. ಸಿಟ್ಟಿಗೆ ನೀನು ಅನ್ನುವುದೇ ಸರಿ.

ಅವನ್ನು ಯಾರು ಸುತ್ತಿಸುತ್ತಾರೆ ಎಂದು ಕೇಳಿದೆ. ಉಬ್ಬನ್ನು ಕೂದಲಷ್ಟು ಓರೆ ಕೊಟ್ಟು ತಿಕ್ಕಿರುತ್ತಾರೆ. ಟ್ಯಾಪೆಟ್ಟಿನ ತಳವನ್ನು ಕಣ್ಣಿಗೆ ಕಾಣದಷ್ಟು ಗುಂಡಗೆ ಮಾಡಿರುತ್ತಾರೆ. ಅದಕ್ಕೇ ಉಬ್ಬು ಎತ್ತುವಾಗ ಸ್ವಲ್ಪ ತಿರುವಿ ಬಿಡುತ್ತದೆ. ಒಂದೇ ಜಾಗಕ್ಕೆ ಪೆಟ್ಟು ಬೀಳಬಾರದು ಎಂದು. ನಮ್ಮ ಉಸ್ತಾದ ಹೇಳುತ್ತಿದ್ದರು, ಆ ಉಬ್ಬಿನ ತುದಿಯಲ್ಲಿ ಗೆರೆಯಷ್ಟು ಜಾಗದ ಮೇಲೆ ಬೀಳುವ ಒತ್ತು ಎಷ್ಟೆಂದರೆ, ಅದನ್ನು ಅಂಗೈಯಷ್ಟು ಅಗಲ ಮಾಡಿದರೆ ಕಲ್ಲು ತುಂಬಿದ ಹತ್ತಿಪ್ಪತ್ತು ಲಾರಿ ಒಂದರ ಮೇಲೊಂದು ನಿಂತಂತೆ. ಆ ಒತ್ತಿನ ನಡುವೆ ಕಬ್ಬಿಣವನ್ನು ಕಾಯುವುದು ಆಯಿಲ್ಲಿನ ಒಂದು ಪೊರೆ ಮಾತ್ರ. ಈ ಮಾತು ಕೇಳಿದ ದಿನ ನಾನು ಹದಿನಾಲ್ಕು ವರ್ಷದವನು, ಅನ್ನ ಸೇರಲಿಲ್ಲ. ಇವತ್ತಿಗೂ ಇಂಜಿನ್ ಬಿಚ್ಚುವಾಗ ನನ್ನ ಕೈ ಒಂದು ಗಳಿಗೆ ನಿಲ್ಲುತ್ತದೆ.

ಆ ಆಯಿಲ್ ಅಲ್ಲಿಗೆ ಹೇಗೆ ಹೋಗುತ್ತದೆ ಗೊತ್ತೇನು? ಕೊಳವೆ ಇಲ್ಲ. ಕೆಳಗಿನ ಕ್ರ್ಯಾಂಕು, ಅಂದರೆ ಗಾಡಿ ಎಳೆಯುವ ದೊಡ್ಡ ಕೋಲು, ಜೋರಾಗಿ ತಿರುಗುವಾಗ ಎರಚುತ್ತದೆ. ಇಂಜಿನ್ ಜೋರು ಇದ್ದರೆ ಮಳೆ. ಸಣ್ಣಗೆ ಓಡಿದರೆ ಹನಿ. ಈಗ ಹೇಳು, ಏಪ್ರಿಲ್ ಹದಿನಾಲ್ಕಕ್ಕೆ ಬಾಬಾಸಾಹೇಬರ ಫೋಟೋ ಇಟ್ಟು ಈ ಜೀಪನ್ನು ಎಷ್ಟು ತಾಸು ಓಡಿಸುತ್ತೀರಿ? ಮುಂಜಾನೆಯಿಂದ ಸಂಜೆಯತನಕ. ಎಷ್ಟು ಜೋರು? ಮುದುಕಿ ನಡೆಯುವಷ್ಟು. ಪ್ರತಿ ವರ್ಷ. ನಿಂತಲ್ಲಿ ಭಾಷಣ, ಇಂಜಿನ್ ಚಾಲೂ. ಹಲಗೆ, ಕುಣಿತ, ಇಂಜಿನ್ ಚಾಲೂ. ಒಂದು ವರ್ಷ ದುಡಿದರೂ ಸವೆಯದ ಕಬ್ಬಿಣವನ್ನು ಒಂದು ದಿನದಲ್ಲಿ ತಿಂದಿರಿ.

ಇನ್ನು ಕೇಳು. 2001ರಲ್ಲಿ ಹೊಸ ಕ್ಯಾಮ್‌ಶಾಫ್ಟ್ ನಾನೇ ಹಾಕಿದೆ. ಹೊಸದು ಹಾಕಿದ ಮೇಲೆ ಮೊದಲ ಸಲ ಸ್ಟಾರ್ಟ್ ಆದ ಗಳಿಗೆಯಿಂದ ಇಪ್ಪತ್ತು ನಿಮಿಷ ಜೋರಾಗಿಯೇ ಓಡಬೇಕು, ಸಣ್ಣಗೆ ಬಿಡಬಾರದು, ಬಂದ್ ಮಾಡಬಾರದು, ಅಷ್ಟರೊಳಗೆ ಉಬ್ಬು ಮತ್ತು ಟ್ಯಾಪೆಟ್ ಒಂದಕ್ಕೊಂದು ಒಗ್ಗಬೇಕು ಎಂದು ಎಲ್ಲರ ಮುಂದೆ ಹೇಳಿದ್ದೆ. ನೀವೇನು ಮಾಡಿದಿರಿ? ಮುಖ್ಯ ಅತಿಥಿಯಿಂದ ಚಾವಿ ತಿರುವಿಸಿದಿರಿ. ಚಪ್ಪಾಳೆ. ಫೋಟೋ. ಬಂದ್. ಹಾರ ಹಾಕಿ ಮತ್ತೆ ಸ್ಟಾರ್ಟ್. ಬಂದ್. ಸ್ವಾಗತ ಭಾಷಣ. ನಾನು ಮುಂದೆ ಓಡಿ ಬಂದರೆ ಸ್ವಯಂಸೇವಕರು ತೋಳು ಹಿಡಿದು ಹಿಂದಕ್ಕೆ ಕೂಡಿಸಿದರು. ಆರು ತಿಂಗಳಿಗೆ ಉಬ್ಬು ಸವೆಯಿತು. ನೀನು ಮೈಕಿನ ಮುಂದೆ ನಿಂತು ಹೇಳಿದೆ, “ಹೊಸಾದು ಅಂತ ಹೇಳಿ ಹಳೇ ಸಾಮಾನ ಹಾಕ್ಯಾನ, ಚಳವಳಿಗೇ ಮೋಸ ಮಾಡ್ಯಾನ” ಎಂದು. ಸುರಪುರದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಅಂಗಡಿ ಇತ್ತು. ಎಂಟು ದಿನದ ಮೇಲೆ ಒಬ್ಬ ಗಿರಾಕಿಯೂ ಬರಲಿಲ್ಲ.

ನನ್ನದು ಹೋಯಿತು. ಆಮೇಲೆ ಎರಡು ಹಾಕಿಸಿದಿರಿ, ಅವೂ ಹೋದವು. ಮೂವರೂ ಮಿಸ್ತ್ರಿಗಳು ಕಳ್ಳರೇನು ಭೀಮಾಬಾಯಿ?

ಸರದಾರ


ಸುರಪುರ
9 ಜನವರಿ 2024

ಸರದಾರಣ್ಣ,

ಒಂದು ತಿಂಗಳು ಸುಮ್ಮನೆ ಕೂಡಲಿಲ್ಲ. ಬಿಚ್ಚಿದೆ. ರೇಡಿಯೇಟರ್ ಇಳಿಸಿ, ಮುಂದಿನ ಗೇರು ತೆಗೆದು, ಟ್ಯಾಪೆಟ್ಟುಗಳು ಕೆಳಗೆ ಬೀಳದಂತೆ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಎತ್ತಿ ಹಿಡಿದು, ಬಸು ಮತ್ತು ನಾನು ಕೋಲನ್ನು ಹೊರಗೆಳೆದೆವು. ಮೂರನೆಯ ಉಬ್ಬನ್ನು ಬೆರಳಿನಿಂದ ಸವರಿದೆ. ಉಬ್ಬೇ ಇಲ್ಲ. ಆರನೆಯದಕ್ಕೂ ಇಲ್ಲ. ಆ ಎರಡು ಟ್ಯಾಪೆಟ್ಟುಗಳ ತಳ ಬಟ್ಟಲಿನಂತೆ ಗುಳಿ ಬಿದ್ದಿದೆ. ನೀನು ಬರೆದದ್ದು ಅಕ್ಷರ ಅಕ್ಷರ ಅಲ್ಲಿತ್ತು.

ನಾನು ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಈಗ ನನ್ನ ಮಾತು ಕೇಳು, ಇದು ಭಾಷಣವೇ.

ನಾವು ಸುಮ್ಮನೆ ನಿಧಾನ ಓಡಿಸಲಿಲ್ಲ. ಗೌಡನ ಕಾಲದಲ್ಲಿ ಈ ಜೀಪು ಕೇರಿಯಲ್ಲಿ ನಿಧಾನ ಹೋದದ್ದೇ ಇಲ್ಲ. ಧೂಳು ಎಬ್ಬಿಸಿ, ಕೋಳಿ ತುಳಿದು, ಹಾರ್ನು ಹೊಡೆದು ಹೋಗುತ್ತಿತ್ತು. ಒಳಗೆ ಯಾರಿದ್ದಾರೆ ನೋಡಲೂ ತಲೆ ಎತ್ತುವಂತಿರಲಿಲ್ಲ. ಅದೇ ಜೀಪು ನಮ್ಮದಾದ ಮೇಲೆ ನಮ್ಮವ್ವಂದಿರು ಹೇಳಿದರು, “ಸಾವಕಾಶ ತಗೊಂಡು ಹೋಗವ್ವಾ, ಕಣ್ಣು ತುಂಬ ನೋಡತೀವಿ” ಎಂದು. ಮುಟ್ಟಿ ನೋಡುವಷ್ಟು ಸಾವಕಾಶ. ಅದರ ಬಾನೆಟ್ಟಿನ ಮೇಲೆ ಕೂಸು ಕೂಡಿಸಿ ನಾಲ್ಕು ಹೆಜ್ಜೆ ನಡೆಸುವಷ್ಟು ಸಾವಕಾಶ. ನಮ್ಮ ಹೆಮ್ಮೆಯ ವೇಗ ಅದು. ಅದೇ ವೇಗ ಒಳಗೆ ಅದರ ಎಲುಬು ತಿಂದಿತು.

ನಾನು ನಿನಗೆ ಅಂದದ್ದು ವೇದಿಕೆಯ ಮೇಲೆ. ಅದರ ಉತ್ತರವನ್ನು ಲಕೋಟೆಯಲ್ಲಿ ಮುಚ್ಚಿ ಅಂಚೆಗೆ ಹಾಕಿದರೆ ನಾನು ಹೇಡಿ. ಅದು ಬಾಕಿ ಇರಲಿ.

ಈಗ ಕ್ಯಾಮ್‌ಶಾಫ್ಟ್ ಇಲ್ಲ. ಬಸು ಮೂರು ಊರು ಕೇಳಿದ. ಎಲ್ಲೂ ಸಿಗಲಿಲ್ಲ. ಗೌಡನ ಮೊಮ್ಮಗ ಮೊನ್ನೆ ಅಂಗಳಕ್ಕೇ ಬಂದು ಬಿಚ್ಚಿದ ಇಂಜಿನ್ ನೋಡಿ, “ಇಂಜಿನ್ ಇಲ್ದಿದ್ರೂ ನಡೀತೈತ್ರಿ ಟೀಚರ್, ಕಟ್ಟಿ ಮ್ಯಾಲ ನಿಂದ್ರಾಕ ಇಂಜಿನ್ ಯಾಕ?” ಅಂದ. ನಗುತ್ತಲೇ ಅಂದ. ನಟ್ಟು ಬಿಚ್ಚುವ ಪಾನಾ ನನ್ನ ಕೈಯಲ್ಲೇ ಇತ್ತು. ನಾನು ಕೈ ಹಿಂದೆ ಕಟ್ಟಿಕೊಂಡೆ.

ಭೀಮಾಬಾಯಿ


ಶಹಾಪುರ
2 ಫೆಬ್ರವರಿ 2024

ಭೀಮಾಬಾಯಿ,

ಈ ಕಾಗದದ ಜೊತೆ ಒಂದು ಪಾರ್ಸಲ್ ಬರುತ್ತದೆ. ಮೊದಲು ಕೈ ತೊಳೆದುಕೊ, ಆಮೇಲೆ ಬಿಚ್ಚು.

ಉಮೆಸಲ್ಮಾಳನ್ನು ಕರೆದುಕೊಂಡು ಹೈದರಾಬಾದಿಗೆ ಹೋಗಿದ್ದೆ. ನನ್ನ ಕಿವಿಗೆ ಅವಳೇ ಬಾಯಿ. ಹಳೇ ಸಾಮಾನಿನ ಬಜಾರಿನಲ್ಲಿ ಎರಡು ದಿನ ತಿರುಗಿದೆವು. ಎರಡನೆಯ ದಿನ ಒಬ್ಬ ಮುದುಕ ಅಟ್ಟದಿಂದ ಒಂದು ಕಟ್ಟು ಇಳಿಸಿದ. ಮೇಣದ ಕಾಗದ ಬಿಚ್ಚಿದರೆ, ಐವತ್ತು ವರ್ಷದ ಹಿಂದಿನ ಗ್ರೀಸಿನೊಳಗೆ, ಹೆತ್ತ ಮನೆಯಿಂದ ಹೊರಬಾರದ ಕ್ಯಾಮ್‌ಶಾಫ್ಟ್. ಒಂದು ಗೆರೆ ಇಲ್ಲ. ಎಂಟು ಉಬ್ಬನ್ನೂ ಕಣ್ಣು ಮುಚ್ಚಿ ಸವರಿದೆ. ಎಪ್ಪತ್ತರ ಹತ್ತಿರ ಬಂದವನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಮುದುಕ ಹೇಳಿದನಂತೆ, ಇನ್ನೊಂದು ಇಲ್ಲ, ಎಲ್ಲೂ ಇಲ್ಲ. ಇದನ್ನು ಕೆಡಿಸಿದರೆ ಮುಗಿಯಿತು.

ಹೊಸ ಟ್ಯಾಪೆಟ್ಟು ಎಂಟು ಇಟ್ಟಿದ್ದೇನೆ. ಹಳೆಯ ಟ್ಯಾಪೆಟ್ಟನ್ನು ಹೊಸ ಉಬ್ಬಿನ ಮೇಲೆ ನಿಲ್ಲಿಸಬೇಡ. ಹಳೆಯದಕ್ಕೆ ಹಳೆಯ ಉಬ್ಬಿನದೇ ರೂಢಿ, ಹೊಸದನ್ನು ಕೊರೆಯುತ್ತದೆ. ಎಂಟೂ ತಮ್ಮ ತೂತಿನಲ್ಲಿ ಬೆರಳಿಗೆ ಸುತ್ತಬೇಕು. ಬಿಗಿ ಇದ್ದರೆ ಕೂಡಿಸಬೇಡ. ಡಬ್ಬಿಯಲ್ಲಿರುವ ಕಪ್ಪು ಮುಲಾಮನ್ನು ಉಬ್ಬಿಗೂ ಟ್ಯಾಪೆಟ್ಟಿನ ತಳಕ್ಕೂ ಧಾರಾಳ ಹಚ್ಚು. ಆಯಿಲ್ ಪಂಪನ್ನು ಆಯಿಲ್ ತುಂಬಿಸಿಯೇ ಕೂಡಿಸು. ಸುಮ್ಮನೆ ಹ್ಯಾಂಡಲ್ ತಿರುವುತ್ತ ಕೂಡಬೇಡ, ಮುಲಾಮು ಒರೆಸಿ ಹೋಗುತ್ತದೆ. ನೀರು, ಪೆಟ್ರೋಲು, ಟೈಮಿಂಗು ಎಲ್ಲ ಮೊದಲೇ ಸರಿ ಇರಲಿ. ಚಾವಿ ತಿರುವಿದ ಮೊದಲ ಸಲಕ್ಕೇ ಹತ್ತಿಕೊಳ್ಳಬೇಕು.

ಆಯಿಲ್ ವಿಷಯ. ಹೊಸ ಕಾರಿನ ಹೊಳೆಯುವ ಡಬ್ಬಿ ತರಬೇಡ. ಹಿಂದಿನ ಆಯಿಲ್ಲಿನಲ್ಲಿ ಸತುವಿನ ಮದ್ದು ಹೆಚ್ಚು ಇರುತ್ತಿತ್ತು. ಹೊಸ ಕಾರುಗಳ ಹೊಗೆ ಶುದ್ಧ ಮಾಡುವ ಡಬ್ಬಿ ಅದರಿಂದ ಕೆಡುತ್ತದೆ ಎಂದು ಈಗ ಕಡಿಮೆ ಮಾಡಿದ್ದಾರೆ. ನಮ್ಮ ಗಾಡಿಗೆ ಅದೇ ಬೇಕು. ಹಳೇ ಲಾರಿ, ಟ್ರ್ಯಾಕ್ಟರಿಗೆ ಹಾಕುವ ದಪ್ಪ ಆಯಿಲ್ ತಾ. ಅದರ ಮೇಲೆ ನಾನು ಇಟ್ಟಿರುವ ಸಣ್ಣ ಬಾಟ್ಲಿ ಪೂರ್ತಿ ಸುರಿ. ಅದು ಸತುವೇ.

ಆ ಸತುವು ಏನು ಮಾಡುತ್ತದೆ ಹೇಳುತ್ತೇನೆ. ಒತ್ತು ಬಿದ್ದು ಕಾವು ಏರಿದ ಜಾಗಕ್ಕೇ ಹೋಗಿ ಪೊರೆ ಕಟ್ಟುತ್ತದೆ. ಕೂದಲನ್ನು ಸಾವಿರ ಸೀಳು ಮಾಡಿದರೆ ಒಂದು ಸೀಳಿನಷ್ಟು ದಪ್ಪ ಇರಬಹುದು. ಉಬ್ಬು ಉಜ್ಜಿದಾಗ ಆ ಪೊರೆ ಸವೆಯುತ್ತದೆ, ಕಬ್ಬಿಣ ಉಳಿಯುತ್ತದೆ. ಸವೆದ ಜಾಗಕ್ಕೆ ಮತ್ತೆ ಬಂದು ಕಟ್ಟುತ್ತದೆ. ನಿಮಿಷಕ್ಕೆ ಸಾವಿರ ಸಲ ಉಜ್ಜಿಸಿಕೊಂಡರೂ ಬಿಡುವುದಿಲ್ಲ. ನಾನು ನಮಾಜು ತಪ್ಪಿಸಿದವನು, ನೀನು ದೇವರನ್ನು ಬಿಟ್ಟವಳು. ಆದರೂ ಇದನ್ನು ನೆನೆದಾಗ ನನ್ನ ಕೈ ತಾನಾಗಿ ಟೋಪಿ ಸರಿ ಮಾಡುತ್ತದೆ.

ನೀನೇ ಕೂಡಿಸು. ಬೇರೆ ಕೈ ಬೇಡ.

ಸರದಾರ


ಸುರಪುರ
25 ಫೆಬ್ರವರಿ 2024

ಸರದಾರಣ್ಣ,

ಕೂಡಿಸಿದೆ. ಹದಿನೇಳು ದಿನ ಹಿಡಿಯಿತು. ಎಂಟೂ ಟ್ಯಾಪೆಟ್ ಬೆರಳಿಗೆ ಸುತ್ತುತ್ತವೆ. ನಿನ್ನ ಕಾಗದವನ್ನು ಗೋಡೆಗೆ ಅಂಟಿಸಿ, ಒಂದೊಂದು ಸಾಲು ಮುಗಿದಾಗ ಗೆರೆ ಎಳೆದೆ. ನಲವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದ್ದೇನೆ, ಯಾರ ಪಾಠವನ್ನೂ ನಾನು ಹೀಗೆ ಓದಿರಲಿಲ್ಲ.

ಗೆಲುವಿನ ಮಾತು ಇಷ್ಟೇ. ಮಹೇಶಕುಮಾರ ಮಾರ್ಚ್ ಹತ್ತಕ್ಕೆ ಕಾರ್ಯಕ್ರಮ ಇಟ್ಟಿದ್ದಾನೆ. ಕರಪತ್ರ ಹೊಡೆಸಿಬಿಟ್ಟಿದ್ದಾನೆ: ಅತಿಥಿಗಳಿಂದ ಚಾವಿ, ಮಾಲಾರ್ಪಣೆ, ಭಾಷಣ, ಆಮೇಲೆ ಮೆರವಣಿಗೆ. ಅಂದರೆ ಅದೇ 2001. ಮೊದಲು ನಾನೇ ಓಡಿಸಿ ಪಳಗಿಸುತ್ತೇನೆ ಅಂದೆ. “ಜನರ ಎದುರಿಗೇ ಮೊದಲು ಓಡಬೇಕ್ರಿ. ಇಲ್ಲಂದ್ರ ಯಾರೋ ತಳ್ಳಿ ಸ್ಟಾರ್ಟ್ ಮಾಡ್ಯಾರ ಅಂತಾರ, ಗೌಡನ ಕಡೆಯವ್ರೂ ಬರಾವ್ರದಾರ” ಅಂದ. ಅದೂ ನಿಜ. ಕಣ್ಣಾರೆ ಕಾಣದೆ ಎತ್ತಿದ ಕೈ ಇಳಿಯುವುದಿಲ್ಲ.

ಬಾ ಅಂತ ಕರೆಯುವ ಮುಖ ನನಗಿಲ್ಲ. ಆದರೂ ಬಾ.

ಭೀಮಾಬಾಯಿ


ಶಹಾಪುರ
1 ಮಾರ್ಚ್ 2024

ಭೀಮಾಬಾಯಿ,

ಬರುವುದಿಲ್ಲ. ಆ ಬಸ್‌ಸ್ಟ್ಯಾಂಡಿನಲ್ಲಿ ಇಳಿಯಲು ನನ್ನ ಕಾಲು ಒಪ್ಪುವುದಿಲ್ಲ. ಬಂದರೂ ಕಿವುಡ ಏನು ಮಾಡಲಿ.

ಸ್ಟಾರ್ಟ್ ಆದ ತಕ್ಷಣ ಆಯಿಲ್ ಮೀಟರಿನ ಮುಳ್ಳು ನೋಡು. ಮುಳ್ಳು ಎದ್ದರೆ ರೇಸ್ ಎತ್ತು, ಹಿಡಿದೇ ಇರು, ಸ್ವಲ್ಪ ಏರಿಸು ಸ್ವಲ್ಪ ಇಳಿಸು, ಸಣ್ಣಗೆ ಮಾತ್ರ ಬಿಡಬೇಡ. ಒಂದು ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಗಾಡಿಗೆ ಕಟ್ಟು: ಇಪ್ಪತ್ತು ನಿಮಿಷ ಬಂದ್ ಮಾಡಬೇಡಿ.

ಸರದಾರ


ಸುರಪುರ
12 ಮಾರ್ಚ್ 2024

ಸರದಾರಣ್ಣ,

ಬರುವುದಿಲ್ಲ ಎಂದು ಬರೆದರೂ ನೀನು ಅಲ್ಲೇ ಇದ್ದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನೀನು ಕಂಡದ್ದು ಅರ್ಧ.

ನಾನು ಹಲಗೆ ಕಟ್ಟಿ ಸೀಟಿನ ಮೇಲೆ ಕೂತಿದ್ದೆ. ಅತಿಥಿ ಬಂದು ಹಲಗೆ ಓದಿ ನಕ್ಕರು. ಮಹೇಶಕುಮಾರ ಕಿವಿಯ ಹತ್ತಿರ ಬಂದು, ಸಾಹೇಬರು ಚಾವಿ ತಿರುವುತ್ತಾರೆ, ಫೋಟೋ ಆಗುತ್ತದೆ, ಎರಡು ನಿಮಿಷ ಬಂದ್ ಮಾಡಿ ಹಾರ ಹಾಕೋಣ ಎಂದು ಮೆಲ್ಲಗೆ ಹೇಳಿದ. ನಾನು ಕೆಳಗಿಳಿಯಲಿಲ್ಲ. “ಚಾವಿ ಅವರೇ ತಿರುವಲಿ. ತಿರುವಿದ ಮ್ಯಾಲ ಇಪ್ಪತ್ತು ನಿಮಿಷ ಈ ಚಾವಿ ಮುಟ್ಟಿದವ್ರ ಕೈ ನಾ ಮುರೀತೀನಿ. ಸಾಹೇಬ್ರದಾದ್ರೂ ಸೈ, ನಿಂದಾದ್ರೂ ಸೈ” ಅಂದೆ. ಮೈಕಿಗೆ ಕೇಳಿಸಿತು. ಜನಕ್ಕೆಲ್ಲ ಕೇಳಿಸಿತು. ಗೌಡನ ಮೊಮ್ಮಗ ಕೊನೆಯ ಸಾಲಿನಲ್ಲಿ ಕೈ ಕಟ್ಟಿ ನಿಂತಿದ್ದ.

ಆಗಲೇ ನೀನು ಗುಂಪು ಸೀಳಿಕೊಂಡು ಬಂದೆ. ಬಿಳಿ ಟೋಪಿ, ಜೇಬಿನಲ್ಲಿ ಉದ್ದನೆಯ ಸ್ಕ್ರೂಡ್ರೈವರ್. ನನ್ನ ಕಡೆ ನೋಡಲಿಲ್ಲ. ಸೀದಾ ಬಾನೆಟ್ ಎತ್ತಿ, ಸ್ಕ್ರೂಡ್ರೈವರಿನ ತುದಿ ಇಂಜಿನ್ನಿನ ಮೈಗೆ ಇಟ್ಟು, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿದೆ. ಜನ ನಕ್ಕರು. ನೀನು ಕೈ ಎತ್ತಿದೆ.

ಅತಿಥಿ ಚಾವಿ ತಿರುವಿದರು. ಒಂದೇ ಸಲಕ್ಕೆ ಹತ್ತಿಕೊಂಡಿತು. ಮುಳ್ಳು ಎದ್ದಿತು. ನಾನು ರೇಸ್ ಎತ್ತಿದೆ.

ನಿನಗೆ ಕೇಳದ ಅರ್ಧ ಇದು. ಮೊದಲ ನಿಮಿಷ ಒರಟು ಸದ್ದು, ಹೊಸ ಚರ್ಮದ ಚಪ್ಪಲಿ ನಡೆದಂತೆ. ಮುಲಾಮು ಉರಿದ ಹೊಗೆ ಬಂತು. ಚಪ್ಪಾಳೆ ಹೊಡೆದವರು ಬಂದ್ ಆಗಲಿ ಎಂದು ಕಾದರು. ಆಗಲಿಲ್ಲ. ಸ್ವಾಗತ ಭಾಷಣದವನು ಮೈಕು ಹಿಡಿದ, ಅವನ ಮಾತು ಅವನಿಗೇ ಕೇಳಲಿಲ್ಲ, ಇಟ್ಟ. ಅತಿಥಿ ಗಡಿಯಾರ ನೋಡಿದರು. ಐದು ನಿಮಿಷಕ್ಕೆ ಜನ ಮಾತಾಡುವುದು ಬಿಟ್ಟರು. ನಮ್ಮ ಚಳವಳಿಯ ನಲವತ್ತು ವರ್ಷದಲ್ಲಿ, ನಾನೂರು ಜನ ಸೇರಿದ ಸಭೆಯಲ್ಲಿ ಒಬ್ಬರೂ ಭಾಷಣ ಮಾಡದೆ ನಿಂತದ್ದನ್ನು ನಾನು ಕಂಡಿರಲಿಲ್ಲ.

ಎಂಟು ನಿಮಿಷದ ಸುಮಾರಿಗೆ ಒರಟು ಕರಗತೊಡಗಿತು. ಹೇಗೆ ಹೇಳಲಿ. ಬೀಸುಕಲ್ಲಿನಲ್ಲಿ ಮೊದಲ ಹಿಡಿ ಜೋಳ ಒಡೆಯುವಾಗ ಒಂದು ಸದ್ದು ಇರುತ್ತದೆ, ಹಿಟ್ಟು ಬೀಳತೊಡಗಿದಾಗ ಇನ್ನೊಂದು. ಹಾಗೆ. ಹನ್ನೆರಡನೆಯ ನಿಮಿಷಕ್ಕೆ ಚಟ್ ಅನ್ನುವುದು ಪೂರ್ತಿ ನಿಂತಿತು. ಆಮೇಲೆ ಎಂಟು ಟ್ಯಾಪೆಟ್ ಬೇರೆ ಬೇರೆ ಕೇಳಲಿಲ್ಲ, ಒಂದೇ ಗುಂಯ್ ಅನ್ನುವ ಧ್ವನಿ, ನೆಲದಿಂದ ಬರುವಂಥದ್ದು. ನನ್ನ ಮುಂದಿದ್ದ ಹಣ್ಣು ಮುದುಕಿ ಕೈ ಚಾಚಿ ಮಡ್‌ಗಾರ್ಡಿನ ಮೇಲೆ ಇಟ್ಟಳು, ತೆಗೆಯಲಿಲ್ಲ. ಅವಳನ್ನು ನೋಡಿ ಇನ್ನೊಬ್ಬರು ಇಟ್ಟರು. ನಾನು ನಿನ್ನ ಮುಖ ನೋಡುತ್ತಿದ್ದೆ. ಹದಿನಾಲ್ಕನೆಯ ನಿಮಿಷಕ್ಕೆ ನೀನು ಕಣ್ಣು ಮುಚ್ಚಿದೆ. ನಿನ್ನ ಹಲ್ಲಿಗೆ ಏನು ಕೇಳಿಸಿತೋ ನನಗೆ ಗೊತ್ತಿಲ್ಲ. ಆ ಮುಖ ನೋಡಿದ ಮೇಲೆ ಗಾಡಿ ಉಳಿಯಿತು ಎಂದು ಗೊತ್ತಾಯಿತು.

ಇಪ್ಪತ್ತು ಆಯಿತು. ನಾನು ಇನ್ನೆರಡು ಓಡಿಸಿ ಬಂದ್ ಮಾಡಿದೆ. ಮಹೇಶಕುಮಾರ ಮೈಕಿನಲ್ಲಿ ಕೇಳಿದ, ಗಾಡಿ ಕೊಡಬೇಕು ಅನ್ನುವವರು ಕೈ ಎತ್ತಿ ಎಂದು. ಒಂದು ಕೈಯೂ ಏಳಲಿಲ್ಲ. ಗೌಡನ ಮೊಮ್ಮಗ ನಿಂತಿದ್ದ ಜಾಗ ಖಾಲಿ ಇತ್ತು.

ಆಮೇಲೆ ನಾನು ಮೈಕು ಇಸಿದುಕೊಂಡು ಮಾತಾಡಿದೆ. ನೀನು ನನ್ನ ತುಟಿ ನೋಡುತ್ತಿದ್ದೆ, ಆಮೇಲೆ ತಲೆ ತಗ್ಗಿಸಿ ಟೋಪಿ ಸರಿ ಮಾಡಿಕೊಂಡೆ. ಸಂಜೆಯ ಬಸ್ಸಿಗೆ ಹೋಗಿಬಿಟ್ಟೆ. ಏನು ಹೇಳಿದೆ ಎಂದು ಕೇಳಲಿಲ್ಲ. ಆದ್ದರಿಂದ ಹೇಳಿದ ಹಾಗೆಯೇ ಬರೆಯುತ್ತೇನೆ:

“ಇಪ್ಪತ್ತೆರಡು ವರ್ಷದ ಹಿಂದ ಇದೇ ಬಯಲಾಗ ನಿಂತು ಸರದಾರಸಾಬ ಮಿಸ್ತ್ರಿ ಮೋಸ ಮಾಡ್ಯಾನ ಅಂದಿದ್ದೆ. ಮೋಸ ಮಾಡಿದ್ದು ನಾನು. ಅಂವ ಹಾಕಿದ್ದು ಹೊಸಾದ ಇತ್ತು. ಕೆಡಿಸಿದವ್ರು ನಾವು. ಅಂವನ ಅಂಗಡಿ ಮುಚ್ಚಿಸಿದ್ದು ನನ್ನ ನಾಲಿಗಿ.”

ಇಷ್ಟೇ. ಹೆಚ್ಚು ಸೇರಿಸಿಲ್ಲ.

ಭೀಮಾಬಾಯಿ


ಶಹಾಪುರ
20 ಮಾರ್ಚ್ 2024

ತಂಗಿ ಭೀಮಾಬಾಯಿ,

ಆ ಆಯಿಲ್ ಇಳಿಸಿ ಹೊಸದು ಹಾಕು, ಫಿಲ್ಟರೂ ಬದಲಿಸು. ಮೊದಲ ಓಟದಲ್ಲಿ ಉದುರಿದ ಕಬ್ಬಿಣದ ಪುಡಿ ಅದರಲ್ಲಿದೆ. ಇಳಿಸಿದ ಆಯಿಲ್ಲಿಗೆ ಲೋಹಚುಂಬಕ ಅದ್ದಿ ನೋಡು, ಪುಡಿ ಎಷ್ಟು ಬಂತು ಬರೆ. ಐದುನೂರು ಕಿಲೋಮೀಟರಿಗೆ ಇನ್ನೊಮ್ಮೆ ಬದಲಿಸು. ವಾರಕ್ಕೊಂದು ಸಲ ಕಕ್ಕೇರಾತನಕ ಜೋರಾಗಿ ಓಡಿಸಿ ಬಾ. ಅಂಗಳದಲ್ಲಿ ನಿಲ್ಲಿಸಿ ಸುಮ್ಮನೆ ಗುರ್ ಅನ್ನಿಸಬೇಡ.

ಏಪ್ರಿಲ್ ಹದಿನಾಲ್ಕು ಬರುತ್ತಿದೆ. ಮೆರವಣಿಗೆಯಲ್ಲಿ ಇಂಜಿನ್ ಬಂದ್ ಮಾಡಿ ನ್ಯೂಟ್ರಲ್ಲಿಗೆ ಹಾಕಿರಿ. ನಾನೂರು ಜನ ಇದ್ದೀರಿ, ತಳ್ಳಿರಿ. ಎಷ್ಟು ಸಾವಕಾಶ ಬೇಕೋ ಅಷ್ಟು ಸಾವಕಾಶ. ನಿಮ್ಮವ್ವಂದಿರು ಕಣ್ಣು ತುಂಬ ನೋಡಲಿ, ಒಂದು ಉಬ್ಬೂ ಸವೆಯುವುದಿಲ್ಲ.

ಹಲ್ಲಿಗೆ ಏನು ಕೇಳಿಸಿತೋ ಗೊತ್ತಿಲ್ಲ ಎಂದು ಬರೆದೆ. ಕಿವಿ ಹೋದರೂ ಇಂಜಿನ್ನಿನ ನಡುಕ ಕಬ್ಬಿಣದಿಂದ ಹಲ್ಲಿಗೆ, ಹಲ್ಲಿನಿಂದ ತಲೆಗೆ ಬರುತ್ತದೆ, ಅಷ್ಟೇ ಬರೆಯಬಲ್ಲೆ.

ನೀನು ಮೈಕಿನಲ್ಲಿ ಹೇಳಿದ ಮಾತನ್ನು ಓದಿದೆ. ಎರಡು ಸಲ ಓದಿದೆ. ಆಮೇಲೆ ಉಮೆಸಲ್ಮಾಳ ಕೈಗೆ ಕೊಟ್ಟು, ಬಾಗಿಲಲ್ಲಿ ನಿಂತು ಜೋರಾಗಿ ಓದು ಅಂದೆ. ಓದಿದಳು. ನನಗೆ ಕೇಳಲಿಲ್ಲ. ಓಣಿಗೆ ಕೇಳಿತು.

ನಿನ್ನ ಅಣ್ಣ,
ಸರದಾರಸಾಬ